ವಾಟ್ಸಾಪ್ ಗುಂಪಿನಿಂದ ವ್ಯಾಪಾರ ಬೆಳೆಯಿತು, ಕಲಿತದ್ದು ಮಾತ್ರ ಎಲ್ಲಿ ಹೋಯಿತು? (ಬಾಕಾಹು, ಹಪ್ಪಳ ಮಾಡಿ ಮಾರುವವರು ದಯವಿಟ್ಟು ಓದಿ)

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಕೊನೆಗೆ ಒಂದು ಪ್ರಶ್ನೆ ಇದೆ.

2021ರ ಲಾಕ್‌ಡೌನ್ ನೆನಪಿದೆ ಅಲ್ವಾ? ಎರಡನೇ ಅಲೆಯ ಹೊತ್ತು. ತೋಟದಲ್ಲಿ ಬಾಳೆಗೊನೆ ಬಲಿತು ನಿಂತಿತ್ತು, ಕೇಳುವವರೇ ಇರಲಿಲ್ಲ. ಸಂತೆ ಇಲ್ಲ, ಮದುವೆ ಮುಂಜಿ ಇಲ್ಲ, ಹೋಟೆಲ್ ಎಲ್ಲ ಬಾಗಿಲು ಹಾಕಿದ್ದವು. ನಮ್ಮ ಮನೆಯಲ್ಲಿ ಗೊನೆ ಕಡಿದು ದನಕ್ಕೆ ಹಾಕಿದೆವು. ಆಗ ಬಂದದ್ದು ಬಾಕಾಹು, ಅಂದರೆ ಬಾಳೆಕಾಯಿ ಹುಡಿ. ಕೃಷಿ ಮಾಸಪತ್ರಿಕೆ ‘ಅಡಿಕೆ ಪತ್ರಿಕೆ’ಯವರು ಇದನ್ನೊಂದು ಚಳವಳಿಯ ಹಾಗೆ ಹಿಡಿದುಕೊಂಡು ಹೊರಟರು. ಆ ಜುಲೈನಲ್ಲಿ ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಂಗಸರು ಮಾಡುವ ಬಾಳೆಕಾಯಿ ಹುಡಿಯ ಬಗ್ಗೆ ಮಾತಾಡಿದ್ದನ್ನು ನೀವೂ ಕೇಳಿರಬಹುದು.

ನಮಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಮನೆಯಿಂದ ಹೊರಗೆ ಹೋಗುವ ಹಾಗೇ ಇರಲಿಲ್ಲವಲ್ಲ. ಎಲ್ಲ ನಡೆದದ್ದು ಫೋನಿನಲ್ಲಿ, ಬಾಕಾಹು ವಾಟ್ಸಾಪ್ ಗುಂಪಿನಲ್ಲಿ. ಬೆಳಿಗ್ಗೆ ಒಬ್ಬರು ಚಾಪೆ ಮೇಲೆ ಹರವಿದ ಬಾಳೆಕಾಯಿ ಹೋಳಿನ ಫೋಟೋ ಹಾಕುತ್ತಿದ್ದರು. ಮಧ್ಯಾಹ್ನದೊಳಗೆ ಯಾವುದೋ ಊರಿನ ಇನ್ನೊಬ್ಬರು "ಹೋಳು ದಪ್ಪ ಆಯಿತು, ಒಳಗೆ ಒಣಗೋದಿಲ್ಲ" ಎನ್ನುತ್ತಿದ್ದರು. ಸಂಜೆಗೆ ಮತ್ತೊಬ್ಬರ ಮನೆಯ ಕಾವಲಿ ಮೇಲಿನ ದೋಸೆಯ ಫೋಟೋ ಬರುತ್ತಿತ್ತು. ಮುಖ ನೋಡದವರು ಸೇರಿ ಒಂದು ಹೊಸ ಪದಾರ್ಥ ಕಲಿತೆವು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತದೆ.

ಈಗ ನಾವು 38 ಹೆಂಗಸರು ಸೇರಿ ಬಾಕಾಹು, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಅಂಗಡಿ ಇಲ್ಲ. ಗಿರಾಕಿಗಳು ಬರುವುದು ವಾಟ್ಸಾಪ್ ಗುಂಪಿನಿಂದ, ಫೇಸ್‌ಬುಕ್‌ನಿಂದ. ಪಾರ್ಸೆಲ್ ಕಟ್ಟಿ ಬಸ್ಸಿಗೋ ಅಂಚೆಗೋ ಹಾಕುತ್ತೇವೆ. ದುಡ್ಡು ಯುಪಿಐನಲ್ಲಿ ಬರುತ್ತದೆ. ಮೊದಲಾದರೆ ಹಪ್ಪಳದ ಕಟ್ಟನ್ನು ಪೇಟೆಯ ಅಂಗಡಿಗೆ ಕೊಟ್ಟು, ಮಾರಾಟ ಆದ ಮೇಲೆ ದುಡ್ಡಿಗಾಗಿ ನಾಲ್ಕು ಸಲ ಓಡಾಡಬೇಕಿತ್ತು.

ಕಷ್ಟ ಶುರುವಾದದ್ದು 2023ರ ಮಳೆಗಾಲದಲ್ಲಿ. ಗುಂಪಿಗೆ ಹೊಸದಾಗಿ ಸೇರಿದ ಒಬ್ಬಳು ಕೇಳಿದಳು: ಮಳೆ ಹಿಡಿದಾಗ ಹೋಳು ಕಪ್ಪಾಗದ ಹಾಗೆ ಏನು ಮಾಡುವುದು? ಉಪ್ಪು ಹಾಕಿದ ಮಜ್ಜಿಗೆ ನೀರಿನಲ್ಲಿ ನೆನೆಸಬೇಕು ಎಂದು ನಮಗೆಲ್ಲ ಗೊತ್ತು. ಎಷ್ಟು ಹೊತ್ತು? ಡ್ರೈಯರ್‌ನಲ್ಲಿ ಎಷ್ಟು ಬಿಸಿ ಇಡಬೇಕು? ಇದನ್ನು 2021ರಲ್ಲಿ ಒಬ್ಬರು ವಾಯ್ಸ್ ಮೆಸೇಜ್‌ನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದರು. ಹೇಳಿದ್ದು ಎಲ್ಲರಿಗೂ ನೆನಪಿದೆ, ಏನು ಹೇಳಿದ್ದರು ಎಂಬುದು ಯಾರ ಹತ್ತಿರವೂ ಇಲ್ಲ. ವಾಯ್ಸ್ ಮೆಸೇಜ್ ಹುಡುಕಿದರೆ ಸಿಗುವುದಿಲ್ಲ. ನನ್ನ ಫೋನ್ ತುಂಬಿದಾಗ ನಾನೇ ಹಳೆಯದನ್ನೆಲ್ಲ ಅಳಿಸಿದ್ದೆ. ಅವಳು ಅಂದಾಜಿನ ಮೇಲೆ ಮಾಡಿದಳು. 60 ಕಿಲೋ ಬಾಳೆಕಾಯಿ, 12 ಕಿಲೋ ಹುಡಿ, ಅಷ್ಟೂ ಬೂದಿ ಬಣ್ಣಕ್ಕೆ ತಿರುಗಿತು. ನಮ್ಮ ಅತ್ತೆ ಹೇಳಿದರು, "ಗುಂಪಲ್ಲಿ ಹೇಳಿದ್ದು ಗದ್ದೆ ಬಯಲಲ್ಲಿ ಕೂಗಿದ ಹಾಗೆ ತಂಗಿ. ಆಗ ಅಲ್ಲಿದ್ದವರಿಗೆ ಕೇಳಿತು, ಅಷ್ಟೇ."

ಆವತ್ತೇ ಒಂದು 200 ಪುಟದ ನೋಟ್‌ಬುಕ್ ತಂದೆ. ಯಾರ ಮನೆಯ ಕಾಯಿ, ಯಾವ ಜಾತಿ, ಎಷ್ಟು ಕಿಲೋ, ಮಜ್ಜಿಗೆ ನೀರಿನಲ್ಲಿ ಎಷ್ಟು ನಿಮಿಷ, ಎಷ್ಟು ಬಿಸಿಲು, ಎಷ್ಟು ಹುಡಿ, ಬಣ್ಣ ಹೇಗೆ. ಎರಡು ತಿಂಗಳು ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಸಿಪ್ಪೆ ಸಮೇತ ತೂಗಿದರೆ ನಮ್ಮಲ್ಲಿ ಸುಮಾರು 5 ಕಿಲೋ ಕಾಯಿಗೆ 1 ಕಿಲೋ ಹುಡಿ ಬರುತ್ತದೆ. ನಾವು 4 ಕಿಲೋ ಎಂದುಕೊಂಡು ದರ ಇಟ್ಟಿದ್ದೆವು. ಎರಡು ವರ್ಷ ನಮಗೇ ಗೊತ್ತಿಲ್ಲದೆ ಕೂಲಿ ಬಿಟ್ಟು ಮಾರಿದ್ದೆವು!

ಆರ್ಡರ್ ಕಥೆಯೂ ಹೀಗೇ. ಗುಂಪಿನಲ್ಲಿ ಪಟ್ಟಿ ಹಾಕುತ್ತಿದ್ದೆವು. ಒಬ್ಬರು ಕಾಪಿ ಮಾಡಿ, ಕೆಳಗೆ ತಮ್ಮ ಹೆಸರು ಸೇರಿಸಿ, ಮತ್ತೆ ಹಾಕಬೇಕು. ಇಬ್ಬರು ಒಂದೇ ನಿಮಿಷದಲ್ಲಿ ಕಾಪಿ ಮಾಡಿದರೆ ಒಬ್ಬರ ಹೆಸರು ಬಿಟ್ಟುಹೋಗುತ್ತದೆ. ಹೀಗೆ ಹೆಸರು ಬಿಟ್ಟುಹೋದ ಒಬ್ಬರು ಹಬ್ಬಕ್ಕೆ ಹಪ್ಪಳ ಬರಲಿಲ್ಲ ಎಂದು ಬೇಜಾರು ಮಾಡಿಕೊಂಡು ಗುಂಪನ್ನೇ ಬಿಟ್ಟರು. ಈಗ ಗೂಗಲ್ ಫಾರ್ಮ್ ಕೊಡುತ್ತೇವೆ, ಅಂದರೆ ಫೋನಿನಲ್ಲೇ ತುಂಬುವ ಅರ್ಜಿ. ತುಂಬಿದ್ದು ತಾನಾಗಿ ಶೀಟ್‌ಗೆ, ಅಂದರೆ ಫೋನಿನಲ್ಲಿರುವ ಲೆಕ್ಕದ ಹಾಳೆಗೆ ಬೀಳುತ್ತದೆ. ನೋಟ್‌ಬುಕ್ಕಿನ ಲೆಕ್ಕವನ್ನೂ ಈಗ ಶೀಟ್‌ನಲ್ಲೇ ಇಡುತ್ತೇವೆ.

ಇಷ್ಟೆಲ್ಲ ನೋಡಿಕೊಳ್ಳುವುದು ನಾನೊಬ್ಬಳೇ. ದಿನಾ ರಾತ್ರಿ ಊಟ ಆದ ಮೇಲೆ ಎರಡು ತಾಸು. ಹೋದ ತಿಂಗಳ ಸಭೆಯಲ್ಲಿ, ಒಂದು ಪ್ಯಾಕೆಟ್‌ಗೆ ಇಷ್ಟು ಎಂದು ಈ ಕೆಲಸಕ್ಕೆ ತೆಗೆದಿಡೋಣ ಎಂದೆ. "ಫೋನ್ ಒತ್ತುವುದಕ್ಕೂ ದುಡ್ಡಾ?" ಎಂದು ಒಬ್ಬರು ಕೇಳಿದರು. ನನಗೆ ಆಮೇಲೆ ಮಾತೇ ಹೊರಡಲಿಲ್ಲ. ಮನೆಗೆ ಬಂದು ಅತ್ತೆ ಹತ್ತಿರವೂ ಹೇಳಲಿಲ್ಲ.

ನಿಮ್ಮ ಕಡೆ ಹೇಗೆ ಮಾಡುತ್ತೀರಿ? ನಾನು ಕೇಳಿದ್ದು ತಪ್ಪಾ?

ಪುತ್ತೂರು ಕೃಷಿಕ

ಅಕ್ಕ, ಕೇಳಿದ್ದು ಖಂಡಿತ ತಪ್ಪಲ್ಲ. ಆ ದಿನಗಳನ್ನು ನೆನಪಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ನಮ್ಮ ಮನೆಯಲ್ಲಿ ನೇಂದ್ರ ಬಾಳೆ ಇತ್ತು. ಅಮ್ಮ ಮೆಟ್ಟುಗತ್ತಿ ಮುಂದೆ ಕೂತು ಕೈಗೆ ಎಣ್ಣೆ ಹಚ್ಚಿಕೊಂಡು ಸಿಪ್ಪೆ ತೆಗೆಯುತ್ತಿದ್ದರು, ನಾನು ವಿಡಿಯೋ ಮಾಡಿ ಗುಂಪಿಗೆ ಹಾಕುತ್ತಿದ್ದೆ. ಅಮ್ಮನ ಬೆರಳಿಗೆ ಹತ್ತಿದ ಚೊಗರು ವಾರಗಟ್ಟಲೆ ಹೋಗಿರಲಿಲ್ಲ.

ಒಂದು ಮಾತು ಸೇರಿಸುತ್ತೇನೆ. ಆಗ ಅಷ್ಟು ಬೇಗ ಕಲಿತದ್ದು ಯಾಕೆಂದರೆ ಯಾರೂ ಗುಟ್ಟು ಮಾಡಲಿಲ್ಲ. ಕೆಟ್ಟುಹೋದದ್ದನ್ನೂ ಫೋಟೋ ತೆಗೆದು ಹಾಕುತ್ತಿದ್ದರು. ಈಗ ಎಲ್ಲರೂ ಮಾರುವವರು. ಚೆನ್ನಾಗಿ ಬಂದದ್ದನ್ನು ಮಾತ್ರ ಹಾಕುತ್ತಾರೆ. ಹಾಳಾದದ್ದನ್ನು ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ ಎಂಬ ಹೆದರಿಕೆ. ನಾವು ಅದಕ್ಕೇ ಮಾಡುವವರ ಗುಂಪು ಬೇರೆ, ಕೊಳ್ಳುವವರ ಗುಂಪು ಬೇರೆ ಮಾಡಿದೆವು. ಮಾಡುವವರ ಗುಂಪಿನಲ್ಲಿ ಈಗ ಮತ್ತೆ ಬಾಯಿಬಿಟ್ಟು ಮಾತಾಡುತ್ತಾರೆ.

ಹಾಸನ ಅಂಗಡಿ

ನಾನು ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ನಮ್ಮದು ತಂದೆ ಕಾಲದ ದಿನಸಿ ಅಂಗಡಿ. ಸುತ್ತಲಿನ ಮನೆಯವರು ಸಾಮಾನಿನ ಚೀಟಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಹುಡುಗ ಮನೆಗೆ ಮುಟ್ಟಿಸುತ್ತಾನೆ. ಅಷ್ಟೇ ನಮ್ಮ ತಂತ್ರಜ್ಞಾನ, ಅಷ್ಟರಲ್ಲೇ ವ್ಯಾಪಾರ ಚೆನ್ನಾಗಿದೆ. ಶೀಟ್, ಫಾರ್ಮ್ ಎಂದು ಹೊರಟರೆ ವಯಸ್ಸಾದವರು ಹಿಂದೆ ಸರಿಯುತ್ತಾರೆ. ನಿಮ್ಮ 38 ಜನರಲ್ಲಿ ಶೀಟ್ ತೆಗೆದು ನೋಡುವವರು ಎಷ್ಟು ಜನ? ನಾಲ್ಕೈದು ಇರಬಹುದು. ಉಳಿದವರ ಲೆಕ್ಕ ಅವರ ಕೈ ತಪ್ಪಿ ನಿಮ್ಮ ಫೋನಿನೊಳಗೆ ಹೋಯಿತು. "ಫೋನ್ ಒತ್ತುವುದಕ್ಕೂ ದುಡ್ಡಾ" ಎಂದವರ ಮನಸ್ಸಿನಲ್ಲಿ ಇದೇ ಇರಬಹುದು. ಕಾಣದ ಕೆಲಸಕ್ಕೆ ದುಡ್ಡು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ತೋಟದಮನೆ, ಶಿರಸಿ

ಹಾಸನದ ಅಣ್ಣ, ಬೇಜಾರಿಲ್ಲ. ನೀವು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಶೀಟ್ ನೋಡುವವರು ಸರಿಯಾಗಿ 6 ಜನ. ನೋಟ್‌ಬುಕ್ ಇದ್ದಾಗ ಎಲ್ಲರೂ ಬಂದು ಪುಟ ತಿರುಗಿಸಿ ನೋಡುತ್ತಿದ್ದರು, ತಮ್ಮ ಹೆಸರಿನ ಮುಂದೆ ಬೆರಳಿಟ್ಟು ಓದುತ್ತಿದ್ದರು. ಇದನ್ನು ಯೋಚನೆ ಮಾಡುತ್ತೇನೆ.

ಇಳಕಲ್ ಮಗ್ಗ

ಅಕ್ಕಾರೆ, ನಮ್ಮದು ನೇಯುವ ಮನೆ. ಬಾಳೆಕಾಯಿ ಬಗ್ಗೆ ಗೊತ್ತಿಲ್ಲ, ಆದರೆ ನಿಮ್ಮ ಕಥೆಯಲ್ಲಿ ನಮ್ಮ ಮನೆಯೇ ಕಂಡಿತು.

ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಹಾಸು (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತೇವೆ. ನಮ್ಮ ಸೀರೆಯ ಗುರುತೇ ಅದು. ಪವರ್‌ಲೂಮ್‌ನಲ್ಲಿ ನೇಯ್ದು ಇಳಕಲ್ ಎಂದು ಹೆಸರಿಟ್ಟು ಮಾರುವವರು ತುಂಬ ಜನ. ಇಂಥ ಊರಿನದ್ದೇ ಎಂದು ಹೇಳುವ ಜಿಐ ಗುರುತು ಇದ್ದರೂ ಫೋಟೋದಲ್ಲಿ ನೋಡುವ ಗಿರಾಕಿಗೆ ಎರಡೂ ಒಂದೇ ಥರ ಕಾಣುತ್ತವೆ. ಬೆಲೆ ಮಾತ್ರ ಅರ್ಧ.

ಎರಡು ವರ್ಷದ ಹಿಂದೆ ಪುಣೆಯ ಒಬ್ಬ ತಾಯಿ ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ನೋಡಿ, ಇದು ಕೈಮಗ್ಗದ್ದೇ ಎಂದು ಹೇಗೆ ನಂಬುವುದು ಎಂದು ಕೇಳಿದರು. ನಾನು ವಿಡಿಯೋ ಕಾಲ್ ಮಾಡಿದೆ. ಸೀರೆ ತಿರುವಿ ಹಾಕಿ, ಸೆರಗು ಮೈ ಸೇರುವ ಜಾಗಕ್ಕೆ ಫೋನ್ ಹತ್ತಿರ ಹಿಡಿದು ಕೊಂಡಿ ತೋರಿಸಿದೆ. ಅವರು ಐದು ನಿಮಿಷ ಮಾತಾಡಲಿಲ್ಲ, ಸುಮ್ನೆ ನೋಡಿದರು. ಆಮೇಲೆ, "ನಮ್ಮ ಅಜ್ಜಿಯ ಸೀರೆಯಲ್ಲಿ ಇದೇ ಇತ್ತು, ಹರಿದಿದೆ ಎಂದುಕೊಂಡು ಹೊಲಿಸಲು ಹೊರಟಿದ್ದೆ" ಎಂದರು. ಮೂರು ಸೀರೆ ತೆಗೆದುಕೊಂಡರು. ಅಪ್ಪ ಪಕ್ಕದಲ್ಲೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಐವತ್ತು ವರ್ಷ ನೇಯ್ದವರು, ತಾವು ನೇಯ್ದ ಸೀರೆ ಉಡುವವರ ಮುಖವನ್ನು ಆವತ್ತೇ ಮೊದಲು ನೋಡಿದ್ದು. ನಡುವೆ ಯಾವಾಗಲೂ ಸಾವ್ಕಾರರು ಇರುತ್ತಿದ್ದರು.

ಅದಕ್ಕೇ ಹೇಳುತ್ತೇನೆ, ಫೋನ್ ಕೆಲಸ ನಮ್ಮಲ್ಲಿ ಕೆಲಸವೇ. ನನ್ನ ಹೆಂಡತಿ ಫೋಟೋ ತೆಗೆಯುತ್ತಾಳೆ, ಉತ್ತರ ಕೊಡುತ್ತಾಳೆ, ಯಾರಿಗೆ ಯಾವ ಬಣ್ಣ ಎಂದು ಬರೆದಿಡುತ್ತಾಳೆ. ನೂಲಿನ ಕಂಡಿಕೆ ಸುತ್ತುವವರಿಗೆ ಕೂಲಿ ಇದೆ, ಹಾಸು ಹೂಡುವವರಿಗೆ ಕೂಲಿ ಇದೆ. ಸೀರೆ ಮಾರಿಕೊಟ್ಟವಳಿಗೆ ಯಾಕೆ ಇರಬಾರದು? ನಾವು ನಾಲ್ಕು ಮನೆ ಸೇರಿ ಮಾರುತ್ತೇವೆ, ಪ್ರತಿ ಸೀರೆಗೆ ಇಷ್ಟು ಎಂದು ಅವಳ ಹೆಸರಿಗೆ ಬರೆಯುತ್ತೇವೆ. ಮೊದಲು ಅವಳೇ ಬೇಡ ಎಂದಿದ್ದಳು. ಅಪ್ಪನೇ ಹಠ ಹಿಡಿದು ಬರೆಸಿದರು.

ಬೆಂಗಳೂರು ಟೆಕ್ಕಿ

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಹೊರಗಿನಿಂದ ನೋಡುವವರಿಗೆ ನಮ್ಮಲ್ಲೆಲ್ಲ ಅಚ್ಚುಕಟ್ಟು ಎನ್ನಿಸಬಹುದು. ಇಲ್ಲ. ನಮ್ಮಲ್ಲೂ ಇದೇ ಸಮಸ್ಯೆ. ಸ್ಲ್ಯಾಕ್, ಟೀಮ್ಸ್ ಎಂದು ಕಚೇರಿಯವರು ಮಾತಾಡಿಕೊಳ್ಳುವ ಆ್ಯಪ್‌ಗಳಿವೆ, ಅವುಗಳಲ್ಲಿ ಮಾತು ಹರಿಯುತ್ತಲೇ ಇರುತ್ತದೆ. ಆರು ತಿಂಗಳ ಮೇಲೆ "ಇದನ್ನು ಹೀಗೆ ಯಾಕೆ ಮಾಡಿದೆವು?" ಎಂದರೆ ಉತ್ತರ ಇರುವುದಿಲ್ಲ. ಅದಕ್ಕೆ ನಮ್ಮ ತಂಡದಲ್ಲಿ ಒಂದು ಕಟ್ಟುಪಾಡು ಇದೆ. ಮಾತು ಎಲ್ಲಿ ಬೇಕಾದರೂ ಆಡಿ, ತೀರ್ಮಾನವನ್ನು ಮಾತ್ರ ಆವತ್ತೇ ಡಾಕ್ಯುಮೆಂಟಿಗೆ ಬರೆಯಬೇಕು. ಬರೆಯುವವರು ಯಾರು ಎಂದು ಮೊದಲೇ ಹೆಸರು ಹೇಳಿರಬೇಕು. ಎಲ್ಲರ ಕೆಲಸ ಎಂದರೆ ಯಾರೂ ಬರೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಾವು ಕೆಲವರು ಕನ್ನಡದ ಕೆಲಸಕ್ಕೆಂದು ಸ್ಲ್ಯಾಕ್‌ನ ಉಚಿತ ಆವೃತ್ತಿ ಬಳಸುತ್ತಿದ್ದೆವು. 2022ರ ಸೆಪ್ಟೆಂಬರ್‌ನಿಂದ ಅವರು ನಿಯಮ ಬದಲಿಸಿದರು. ದುಡ್ಡು ಕೊಡದಿದ್ದರೆ 90 ದಿನಕ್ಕಿಂತ ಹಳೆಯ ಮಾತು ಕಾಣುವುದಿಲ್ಲ. ಪದಗಳ ಬಗ್ಗೆ ನಾವು ಮಾಡಿದ್ದ ಎಷ್ಟೋ ಚರ್ಚೆ ಕಣ್ಣೆದುರೇ ಮರೆಯಾಯಿತು. ಅವರ ಜಾಗ, ಅವರ ನಿಯಮ, ಕೇಳುವ ಹಾಗಿಲ್ಲ. ಶೀಟ್ ಇರಲಿ, ಡಾಕ್ಯುಮೆಂಟ್ ಇರಲಿ, ತಿಂಗಳಿಗೊಮ್ಮೆ ಇಳಿಸಿಕೊಂಡು ಒಂದು ಪೆನ್‌ಡ್ರೈವ್‌ನಲ್ಲಿ ಇಡಿ ಅಕ್ಕ. ಆ ನೋಟ್‌ಬುಕ್ ಅಂತೂ ದಯವಿಟ್ಟು ಬಿಡಬೇಡಿ.

ಲೆಕ್ಕಪತ್ರ, ತುಮಕೂರು

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ ಇದು, ಆದರೆ ಓದುವಾಗ ನನಗೆ ಗಾಬರಿಯಾದ ವಿಷಯ. ದುಡ್ಡು ಯುಪಿಐನಲ್ಲಿ ಬರುತ್ತದೆ ಎಂದಿರಿ. ಯಾರ ಖಾತೆಗೆ?

38 ಜನರ ಮಾರಾಟದ ದುಡ್ಡು ನಿಮ್ಮೊಬ್ಬರ ಸ್ವಂತ ಖಾತೆಗೆ ಬೀಳುತ್ತಿದ್ದರೆ, ಹೊರಗಿನವರ ಕಣ್ಣಿಗೆ ಅಷ್ಟೂ ನಿಮ್ಮೊಬ್ಬರ ವ್ಯಾಪಾರವೇ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ಎಂದು ನೆನಪಿರಬಹುದು. ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದರು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರೆಲ್ಲ ಹೆದರಿದರು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬೋರ್ಡ್ ಹಾಕಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಆ ಹೊತ್ತಿನಲ್ಲಿ ನನ್ನ ಹತ್ತಿರ ಬಂದ ಒಬ್ಬರ ಖಾತೆಯಲ್ಲಿ ವ್ಯಾಪಾರದ ದುಡ್ಡು, ಅಣ್ಣನಿಂದ ಪಡೆದ ಸಾಲ, ಚೀಟಿ ದುಡ್ಡು ಎಲ್ಲ ಒಂದೇ ಕಡೆ ಸೇರಿತ್ತು. ಯಾವುದು ಯಾವುದು ಎಂದು ಬೇರೆ ಮಾಡಲು ಹದಿನೈದು ದಿನ ಹಿಡಿಯಿತು. ಬರೆದಿಟ್ಟ ಒಂದು ಪುಸ್ತಕವೂ ಅವರ ಹತ್ತಿರ ಇರಲಿಲ್ಲ. ಬರೆದಿಟ್ಟುಕೊಂಡಿದ್ದ ಇನ್ನೊಬ್ಬರದು ಒಂದೇ ದಿನಕ್ಕೆ ಮುಗಿಯಿತು.

ಹಾಗಾಗಿ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ, ಇಬ್ಬರ ಸಹಿ ಇರಲಿ. ಗಿರಾಕಿಯ ದುಡ್ಡು ಅಲ್ಲಿಗೇ ಬರಲಿ. ಯಾರಿಗೆ ಎಷ್ಟು ಹಂಚಿದಿರಿ ಎಂದು ಪ್ರತಿ ತಿಂಗಳು ಸಹಿ ಮಾಡಿಸಿಕೊಳ್ಳಿ. ನಿಮ್ಮ ರಾತ್ರಿಯ ಎರಡು ತಾಸು 38 ಮನೆಗಳನ್ನು ಕಾಯುವ ಕೆಲಸ. ಅದಕ್ಕೆ ಸಂಬಳ ಕೊಡುವುದನ್ನೂ ಅದೇ ಪುಸ್ತಕದಲ್ಲಿ ಖರ್ಚು ಎಂದು ಬರೆಯಿರಿ.

ತೋಟದಮನೆ, ಶಿರಸಿ

ಸರ್, ಈಗ ನನ್ನ ಖಾತೆಗೇ ಬರುತ್ತಿದೆ. ಮೊತ್ತ ಅಷ್ಟೇನೂ ದೊಡ್ಡದಿಲ್ಲ, ಆದರೂ ಓದಿ ಎದೆ ಧಸಕ್ ಎಂದಿತು. ಸೋಮವಾರವೇ ಬ್ಯಾಂಕಿಗೆ ಹೋಗುತ್ತೇನೆ. ತುಂಬ ಉಪಕಾರವಾಯಿತು.

ಯಾರೋ ಫೋನ್ ಮಾಡಿ ಆಹಾರ ಸುರಕ್ಷತೆಯ ನೋಂದಣಿ ಬಗ್ಗೆ ಕೇಳಿದರು, ಅದನ್ನೂ ಇಲ್ಲೇ ಹೇಳುತ್ತೇನೆ. ನಾವು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದಾಗ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. 14 ಅಂಕಿಯ ನಂಬರ್ ಕೊಡುತ್ತಾರೆ, ಅದನ್ನು ಪ್ಯಾಕೆಟ್ ಮೇಲೆ ಹಾಕಬೇಕು.

ಸಾಗರದ ತಂಗಿ

ಅಕ್ಕ, ನಾನು ಬೇರೆ ಒಂದು ಕಷ್ಟ ಹೇಳಬೇಕು. ನಾನು ಮುರುಗಲು (ಕೋಕಂ) ಶರಬತ್ತು, ಜೋನಿ ಬೆಲ್ಲ (ದ್ರವ ಬೆಲ್ಲ) ಮಾರುತ್ತೇನೆ. ಒಂದು ದೊಡ್ಡ ಮಾರಾಟದ ಗುಂಪಿಗೆ ಸೇರಿದ ಮೇಲೆ ನನ್ನ ನಂಬರ್ ನೂರಾರು ಜನರಿಗೆ ಸಿಕ್ಕಿತು. ರಾತ್ರಿ ಹನ್ನೊಂದಕ್ಕೆ "ಹಾಯ್" ಎಂದು ಮೆಸೇಜ್. ಬೆಲ್ಲ ಬೇಕಾ ಎಂದರೆ ಉತ್ತರ ಇಲ್ಲ, ನಿಮ್ಮ ಫೋಟೋ ಕಳಿಸಿ ಎನ್ನುತ್ತಾರೆ. ಮನೆಯವರು ವ್ಯಾಪಾರವೇ ಬೇಡ ಬಿಡು ಎಂದರು. ಎರಡು ತಿಂಗಳು ನಿಜಕ್ಕೂ ಬಿಟ್ಟಿದ್ದೆ.

ಈಗ ವ್ಯಾಪಾರಕ್ಕೆ ಬೇರೆ ಸಿಮ್ ತೆಗೆದುಕೊಂಡು ವಾಟ್ಸಾಪ್ ಬಿಸಿನೆಸ್ ಹಾಕಿದ್ದೇನೆ. ಅದರಲ್ಲಿ ಕೆಲಸದ ವೇಳೆ ಎಂದು ಬರೆಯಬಹುದು, ರಾತ್ರಿ ಬಂದ ಮೆಸೇಜ್‌ಗೆ ತಾನಾಗಿ ಉತ್ತರ ಹೋಗುತ್ತದೆ. ಸಾಮಾನಿನ ಫೋಟೋ, ದರ ಕ್ಯಾಟಲಾಗ್‌ನಲ್ಲಿ ಹಾಕಿಟ್ಟರೆ ಪ್ರತಿಯೊಬ್ಬರಿಗೂ ಬರೆಯುವ ಕೆಲಸ ಇಲ್ಲ. ಗುಂಪಿನ ಬದಲು ವಾಟ್ಸಾಪ್‌ನಲ್ಲೇ ಇರುವ ಕಮ್ಯುನಿಟಿ ಮಾಡಿದರೆ ಪ್ರಕಟಣೆಯ ಭಾಗದಲ್ಲಿ ಒಬ್ಬರ ನಂಬರ್ ಇನ್ನೊಬ್ಬ ಸದಸ್ಯರಿಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಮಾತ್ರ ಕಾಣುತ್ತದೆ. ನಿಮ್ಮ ಗುಂಪಿನಲ್ಲಿ ಚಿಕ್ಕ ವಯಸ್ಸಿನ ಹುಡುಗಿಯರು ಇದ್ದರೆ ದಯವಿಟ್ಟು ಇದನ್ನು ಮೊದಲು ಮಾಡಿ.

ಇನ್ನೊಂದು. "ದುಡ್ಡು ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಹೀಗೆ 8,000 ರೂಪಾಯಿ ಕಳೆದುಕೊಂಡರು. ದುಡ್ಡು ಬಂದಿದೆ ಎಂದು ಸ್ಕ್ರೀನ್‌ಶಾಟ್ ತೋರಿಸಿದರೂ ನಂಬಬೇಡಿ, ಬ್ಯಾಂಕಿನಲ್ಲಿ ಜಮಾ ಆಯಿತಾ ಎಂದು ನೋಡಿಯೇ ಪಾರ್ಸೆಲ್ ಕಟ್ಟಿ.

ದುಬೈ ಕನ್ನಡಿಗ

ಊರಿಂದ ಬರುವವರ ಕೈಯಲ್ಲಿ ಬಾಕಾಹು ತರಿಸಿಕೊಳ್ಳುತ್ತೇವೆ. ಮಗಳಿಗೆ ಅದರ ದೋಸೆ ಎಂದರೆ ಪ್ರಾಣ. ಒಂದೇ ಕೋರಿಕೆ. ಪ್ಯಾಕೆಟ್ ಮೇಲೆ ಮಾಡಿದ ದಿನ ಸ್ಪಷ್ಟವಾಗಿ ಬರೆಯಿರಿ. ಹೋದ ಸಲ ಬಂದದ್ದರಲ್ಲಿ ಪೆನ್ನಿನಲ್ಲಿ ಬರೆದದ್ದು ಅಳಿಸಿಹೋಗಿತ್ತು. ಯಾರ ಮನೆಯಲ್ಲಿ ಮಾಡಿದ್ದು ಎಂದೂ ಇದ್ದರೆ ತಿನ್ನುವಾಗ ಇನ್ನೂ ಸಂತೋಷ.

ವಿಕಿ ಸಂಪಾದಕಿ, ಮೈಸೂರು

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ನಾನು ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. ಅಲ್ಲಿ ನನಗೆ ತುಂಬ ಇಷ್ಟವಾದದ್ದು ಲೇಖನದ ಮೇಲಿರುವ ಇತಿಹಾಸ ಎಂಬ ಗುಂಡಿ. ಒತ್ತಿದರೆ ಯಾರು, ಯಾವತ್ತು, ಯಾವ ಸಾಲು ಸೇರಿಸಿದರು, ಯಾವುದನ್ನು ತೆಗೆದರು ಎಲ್ಲ ಕಾಣುತ್ತದೆ. ತಪ್ಪಾದರೆ ಹಿಂದಿನದಕ್ಕೆ ಮರಳಬಹುದು. ಯಾಕೆ ಬದಲಾಯಿತು ಎಂಬುದು ಚರ್ಚೆ ಪುಟದಲ್ಲಿ ಇರುತ್ತದೆ. ಮುಖ ನೋಡದವರು ಒಟ್ಟಿಗೆ ಕೆಲಸ ಮಾಡಲು ಆಗುವುದು ಇದರಿಂದಲೇ. ಗೂಗಲ್ ಡಾಕ್‌ನಲ್ಲೂ ಹಳೆಯ ಆವೃತ್ತಿ ನೋಡುವ ಅವಕಾಶ ಇದೆ.

ಮಾಡುವ ವಿಧಾನವನ್ನು ವಿಕಿಪೀಡಿಯದಲ್ಲಿ ಹಾಕಬಹುದಾ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಆಗುವುದಿಲ್ಲ, ಅದು ವಿಶ್ವಕೋಶ, ಅಡುಗೆ ಪುಸ್ತಕ ಅಲ್ಲ. ಆದರೆ ನೀವೇ ತೆಗೆದ ಫೋಟೋಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ, ಅಂದರೆ ವಿಕಿಪೀಡಿಯ ಬಳಸುವ ಚಿತ್ರಗಳ ಭಂಡಾರಕ್ಕೆ ಕೊಡಬಹುದು. ಚಾಪೆ ಮೇಲೆ ಒಣಗುವ ಹೋಳು, ಮೆಟ್ಟುಗತ್ತಿ, ಇಳಕಲ್ ಅಣ್ಣ ಹೇಳಿದ ಆ ಕೊಂಡಿ. ಇಂಥ ಚಿತ್ರಗಳು ಎಷ್ಟು ಬೇಕು ಗೊತ್ತಾ!

ಕೂಲಿಯ ಬಗ್ಗೆ: ವಿಕಿಯಲ್ಲಿ ನಾವು ದುಡ್ಡಿಲ್ಲದೆ ಬರೆಯುತ್ತೇವೆ, ಯಾಕೆಂದರೆ ಅದನ್ನು ಯಾರೂ ಮಾರುವುದಿಲ್ಲ. ನಿಮ್ಮದು ಮಾರಾಟ. ಎಲ್ಲರ ಕೆಲಸಕ್ಕೆ ದುಡ್ಡು ಬಂದು, ಬರೆಯುವವಳ ಕೆಲಸ ಮಾತ್ರ ಪುಕ್ಕಟೆ ಎಂದರೆ ನ್ಯಾಯ ಅಲ್ಲ. ಇನ್ನೂ ಒಂದು ನೋಡಿದ್ದೇನೆ ಅಕ್ಕ. ಒಬ್ಬರೇ ಎಲ್ಲ ಹೊತ್ತುಕೊಂಡರೆ ಒಂದು ದಿನ ಅವರು ಸುಸ್ತಾಗಿ ಬಿಡುತ್ತಾರೆ. ಅವರ ಜೊತೆ ಎಲ್ಲ ಹೋಗುತ್ತದೆ. ನಿಮ್ಮ ಪಕ್ಕ ಇನ್ನೊಬ್ಬರನ್ನು ಕೂರಿಸಿಕೊಳ್ಳಿ.

ತೋಟದಮನೆ, ಶಿರಸಿ

ಎಲ್ಲರೂ ಇಷ್ಟು ಮನಸ್ಸು ಕೊಟ್ಟು ಬರೆದಿರಿ. ನಿನ್ನೆ ನಮ್ಮ ಮನೆ ಜಗುಲಿಯಲ್ಲಿ ಸಭೆ ಆಯಿತು. 31 ಜನ ಬಂದಿದ್ದರು. ನೀವು ಬರೆದದ್ದನ್ನು ಓದಿ ಹೇಳಿದೆ. ಇಳಕಲ್ ಅಣ್ಣನ ಅಪ್ಪನ ಮಾತು ಬಂದಾಗ ಎಲ್ಲ ಗಪ್‌ಚಿಪ್ ಆದರು.

ಹೀಗೆ ತೀರ್ಮಾನ ಆಯಿತು. ಪ್ರತಿ ಪ್ಯಾಕೆಟ್‌ಗೆ 3 ರೂಪಾಯಿ ಬರೆಯುವ ಕೆಲಸಕ್ಕೆ. ಮೂವರು ಪಾಳಿ ಮೇಲೆ ಮಾಡುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ತಿಂಗಳು. ಫೋನ್ ಒತ್ತುವುದಕ್ಕೂ ದುಡ್ಡಾ ಎಂದು ಕೇಳಿದ್ದ ಅಕ್ಕ ತಾವಾಗಿಯೇ ಎರಡನೇ ಪಾಳಿ ತೆಗೆದುಕೊಂಡರು. ಅವರ ಅಕ್ಷರ ನನ್ನದಕ್ಕಿಂತ ಚೆಂದ. ಹಾಸನದ ಅಣ್ಣ ಹೇಳಿದ ಮೇಲೆ ನೋಟ್‌ಬುಕ್ಕೇ ಮೂಲ ಎಂದು ಇಟ್ಟುಕೊಂಡೆವು. ದಿನಾ ರಾತ್ರಿ ಆ ದಿನದ ಪುಟದ ಫೋಟೋ ಗುಂಪಿಗೆ ಹೋಗುತ್ತದೆ, ಎಲ್ಲರೂ ನೋಡಬಹುದು. ಶೀಟ್‌ಗೆ ಆಮೇಲೆ ಏರಿಸುತ್ತೇವೆ. ಪ್ಯಾಕೆಟ್ ಮೇಲೆ ಅಚ್ಚಿನ ಚೀಟಿ ಬರುತ್ತದೆ, ದಿನಾಂಕದ ಜೊತೆ ಮಾಡಿದವರ ಹೆಸರು. ದುಬೈ ಅಣ್ಣ, ನಿಮ್ಮ ಮಗಳಿಗೆ ಹೇಳಿ.

ಇನ್ನೊಂದು ಸಹಾಯ ಬೇಕು. 2021ರ ಜೂನ್, ಜುಲೈನ ಬಾಕಾಹು ಗುಂಪಿನ ಮಾತುಕತೆ ಯಾರ ಫೋನಿನಲ್ಲಾದರೂ ಉಳಿದಿದೆಯಾ? ಇದ್ದರೆ ಎಕ್ಸ್‌ಪೋರ್ಟ್ ಚಾಟ್ ಎಂದು ಒತ್ತಿದರೆ ಒಂದು ಫೈಲ್ ಆಗಿ ಬರುತ್ತದೆ. ವಾಯ್ಸ್ ಮೆಸೇಜ್ ಬೇಕಿರುವುದರಿಂದ ಮೀಡಿಯಾ ಸಮೇತ ಇಳಿಸಬೇಕು. ನಮ್ಮ ಸೊಸೆ ಕೂತು ಕೇಳಿ ಬರೆಯುತ್ತೇನೆ ಎಂದಿದ್ದಾಳೆ. ಅದರಲ್ಲಿ ಬೇರೆಯವರ ನಂಬರ್, ಮನೆ ವಿಷಯ ಎಲ್ಲ ಇರುತ್ತದೆ, ಅದನ್ನು ತೆಗೆದು, ಹೇಳಿದವರನ್ನು ಕೇಳಿಕೊಂಡೇ ಮಾಡುವ ವಿಧಾನ ಬರೆಯುತ್ತೇವೆ. ಗುಂಪಿನಲ್ಲಿ ಯಾರಿಗೂ ಹಾಗೇ ಹಂಚುವುದಿಲ್ಲ.

ಪುತ್ತೂರು ಕೃಷಿಕ

ಅಕ್ಕ, ಅಮ್ಮನ ಹಳೇ ಫೋನ್ ಕಪಾಟಿನಲ್ಲಿದೆ. ಪರದೆ ಒಡೆದಿದೆ ಎಂದು 2022ರಲ್ಲಿ ಹೊಸದು ತಂದೆವು, ಅದನ್ನು ಅಳಿಸಿರಲಿಲ್ಲ. ಮಜ್ಜಿಗೆ ನೀರಿನ ಬಗ್ಗೆ ಹೇಳಿದ ದನಿ ಅಮ್ಮನಿಗೆ ಚೆನ್ನಾಗಿ ನೆನಪಿದೆ, ಹಿಂದೆ ಕರು ಕೂಗುವುದು ಕೇಳುತ್ತಿತ್ತಂತೆ. ಅದರ ಚಾರ್ಜರ್ ಪಿನ್ ಹಳೇ ಥರದ್ದು, ನಾಳೆ ಪೇಟೆಯಲ್ಲಿ ಹುಡುಕಿ ತರುತ್ತೇನೆ. ಆನ್ ಆದರೆ ತಕ್ಷಣ ಇಲ್ಲಿ ಹೇಳುತ್ತೇನೆ.